ಗೇಮ್ ಮೋಡ್ ಆಫ್ ಮಾಡಿದ ಭಾನುವಾರ

ಅಣ್ಣನ ಮೂಗಿನ ತುದಿಯ ಮೇಲೆ ಕಂಪ್ಯೂಟರ್ ಒಂದು ಹಸಿರು ಚುಕ್ಕೆ ಇಟ್ಟಿತು. ಪರದೆಯ ಮೂಲೆಯಲ್ಲಿ, ಬೆಂಕಿಪೆಟ್ಟಿಗೆಯಷ್ಟು ಅಗಲದ ಚಿತ್ರದಲ್ಲಿ ಅವನ ಮುಖ ಕಾಣುತ್ತಿತ್ತು. ಅವನು ಕತ್ತು ಎಡಕ್ಕೆ ತಿರುಗಿಸಿದ. ಚುಕ್ಕೆ ಎಡಕ್ಕೆ ಹೋಯಿತು, ಅದರ ಜೊತೆಗೆ ಪರದೆಯ ಮೇಲಿನ ಬಾಣವೂ ಎಡಕ್ಕೆ ಸರಿಯಿತು. ಬಲಕ್ಕೆ ತಿರುಗಿಸಿದ, ಬಾಣ ಬಲಕ್ಕೆ ಬಂತು. ನ್ಯೂಸ್ ಪೇಪರಿನ ಗುರುತಿನ ಮೇಲೆ ಬಾಣ ನಿಲ್ಲಿಸಿ ಬಾಯಿ ತೆರೆದ. ಅವತ್ತಿನ ಪೇಪರ್ ಪರದೆಯ ತುಂಬ ಬಿಚ್ಚಿಕೊಂಡಿತು.

"ಅಯ್ಯೋ ಸಾಮಿ," ಎಂದರು ಅತ್ತಿಗೆ. ಅವರ ಕೈಯಲ್ಲಿದ್ದ ಕತ್ತರಿ ಬ್ಲೌಸ್ ಪೀಸಿನ ನಡುವೆ ಹಾಗೇ ನಿಂತಿತ್ತು.

ನನಗೆ ಮೈ ಜುಮ್ಮೆಂದಿತು. "ಇನ್ನೊಂದ್ಸಲ ಮಾಡು ಅಣ್ಣ," ಎಂದೆ.

"ಯಾಕೆ, ಟಿಕೆಟ್ ತಗೊಂಡಿದೀಯಾ?" ಎಂದ ಅವನು. ಎಷ್ಟೋ ತಿಂಗಳಾಗಿತ್ತು ಅವನು ಹಾಗೆ ಮಾತಾಡಿ.

ಅಣ್ಣ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವನು. ಶಿವಮೊಗ್ಗ ಭದ್ರಾವತಿ ನಡುವೆ ದಿನವಿಡೀ ಹೋಗಿ ಬಂದು, ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರನ್ನು ಬೆಳಿಗ್ಗೆ ಇಳಿಸಿ ಸಂಜೆ ಮತ್ತೆ ಹತ್ತಿಸಿಕೊಂಡು ಬರುತ್ತಿದ್ದ. ಅತ್ತಿಗೆಯನ್ನು ನೋಡಿದ್ದೂ ಆ ಬಸ್ಸಿನಲ್ಲೇ. ಅವರು ಭದ್ರಾವತಿಯ ಕಾರ್ಖಾನೆ ಕಡೆಯ ತಮಿಳು ಮನೆತನದವರು, ಆಗ ಮಾಚೇನಹಳ್ಳಿಯಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ಎರಡೂ ಮನೆಯವರು ಮೊದಲು ಮುಖ ಗಂಟಿಕ್ಕಿ, ಆಮೇಲೆ ಒಪ್ಪಿ, ಮದುವೆಯೂ ಆಯಿತು. ಅಷ್ಟು ವರ್ಷ ರಸ್ತೆಯ ಮೇಲೆ ಒಂದು ಕೋಳಿಗೂ ಪೆಟ್ಟಾಗದಂತೆ ಬಸ್ ಓಡಿಸಿದವನು ಬಿದ್ದದ್ದು ಮನೆಯ ಏಣಿಯಿಂದ. ನೀರಿನ ಟ್ಯಾಂಕ್ ತೊಳೆಯಲು ತಾರಸಿಗೆ ಹತ್ತಿದ್ದ. ಇಳಿಯುವಾಗ ಏಣಿ ಜಾರಿತು, ಕತ್ತಿನ ಮೂಳೆಗೆ ಪೆಟ್ಟಾಯಿತು. ಜೀವ ಉಳಿಯಿತು. ಮುಖ, ಕತ್ತು, ಭುಜ ಒಂದಿಷ್ಟು, ಇಷ್ಟು ಅವನ ಮಾತು ಕೇಳುತ್ತಿದ್ದವು. ಕೈಕಾಲು ಕೇಳುತ್ತಿರಲಿಲ್ಲ.

ನಾನು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂರುವವಳು. ಕಂಪ್ಯೂಟರ್ ಎಂದರೆ ನನಗೆ ಅಪಾಯಿಂಟ್‌ಮೆಂಟ್ ಹಾಕುವುದು, ಬಿಲ್ ತೆಗೆಯುವುದು. ಅದರಾಚೆ ಅದರಲ್ಲಿ ಏನಿದೆಯೋ ತಿಳಿದುಕೊಳ್ಳುವ ಅಗತ್ಯ ಬಿದ್ದಿರಲಿಲ್ಲ. ನಮ್ಮ ಕ್ಲಿನಿಕ್ಕಿಗೆ ಬರುವ ಫಿಸಿಯೋಥೆರಪಿ ಮೇಡಂ ಒಂದು ದಿನ ಅಣ್ಣನ ವಿಷಯ ಕೇಳುತ್ತಾ, "ಕತ್ತು ಚೆನ್ನಾಗಿ ತಿರುಗುತ್ತೆ ಅಂದ್ರಲ್ಲ, ಮುಖದಿಂದಲೇ ಕಂಪ್ಯೂಟರ್ ನಡೆಸೋ ಪ್ರೋಗ್ರಾಂ ಇದೆ, ಫ್ರೀ ಸಿಗುತ್ತೆ, ಒಂದ್ಸಲ ನೋಡಿ," ಎಂದರು. ಅವತ್ತು ಸಂಜೆಯೇ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಭಾಯಿಯ ಅಂಗಡಿಗೆ ಹೋದೆ. ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಅವರೇ. ಊರಲ್ಲಿ ಒಂದು ಗೇಮಿಂಗ್ ಸೆಂಟರ್ ಮುಚ್ಚಿತ್ತು, ಅದರ ಕಂಪ್ಯೂಟರುಗಳೆಲ್ಲ ಭಾಯಿಯ ಅಂಗಡಿಯಲ್ಲಿ ಸಾಲಾಗಿ ಕೂತಿದ್ದವು.

"ಇದು ತಗೊಂಡು ಹೋಗಿ ಅಕ್ಕಾ," ಎಂದರು ಭಾಯಿ, ಒಂದರ ನೆತ್ತಿ ತಟ್ಟಿ. "ಗೇಮ್ ಆಡಕ್ಕೆ ಅಂತಲೇ ಮಾಡಿದ್ದು. ಅಣ್ಣಾವ್ರಿಗೆ ಜಬರ್ದಸ್ತ್ ಆಗುತ್ತೆ."

ಅವರೇ ಭದ್ರಾವತಿಯಲ್ಲಿ ಅಣ್ಣನ ಮನೆಗೆ ಬಂದು, ಕ್ಯಾಮರಾ ಇಟ್ಟು, ಮೇಡಂ ಹೇಳಿದ ಪ್ರೋಗ್ರಾಂ ಹಾಕಿ ಜೋಡಿಸಿಕೊಟ್ಟರು. ಸ್ವಿಚ್ ಹಾಕಿದೊಡನೆ ಅದರ ಹೊಟ್ಟೆಯೊಳಗಿನಿಂದ ಕೆಂಪು, ನೀಲಿ, ಹಸಿರು ಬೆಳಕು ಓಡಾಡತೊಡಗಿತು. ಅತ್ತಿಗೆ ದೂರ ನಿಂತು ನೋಡಿ, "ಒಳ್ಳೆ ಮದುವೆ ಮನೆ ಸೀರಿಯಲ್ ಸೆಟ್ ಇದ್ದಂಗಿದೆ," ಎಂದರು.

ಹಸಿರು ಚುಕ್ಕೆ ಮೂಗಿನ ಮೇಲೆ ಬಂದು ಕೂತದ್ದು ಆವತ್ತೇ.

ಮೊದಲ ವಾರಗಳಲ್ಲಿ ಅಣ್ಣ ಪೇಪರ್ ಓದಿದ, ಹಾಡು ಹಾಕಿಕೊಂಡ, ತಾನೇ ಹುಡುಕಿಕೊಂಡು ಬಸ್ಸಿನ ವೀಡಿಯೋಗಳನ್ನು ನೋಡಿದ. ಘಟ್ಟದ ರಸ್ತೆಗಳಲ್ಲಿ ಬಸ್ಸುಗಳು ಇಳಿಯುವುದು, ಡ್ರೈವರುಗಳು ಒಬ್ಬರಿಗೊಬ್ಬರು ಲೈಟ್ ಹೊಡೆಯುವುದು ಇಂಥವೇ. ನಾನು ಭಾನುವಾರಗಳಂದು ಹೋಗುತ್ತಿದ್ದೆ. ಒಂದು ಭಾನುವಾರ ಅವನ ಪರದೆಯ ಮೇಲೆ ಬೇರೆ ಬಗೆಯ ಬಸ್ಸು ಓಡುತ್ತಿತ್ತು. ಅದು ನಿಜವಾದ ಬಸ್ಸಲ್ಲ, ಯಾರೋ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಬಸ್ ಓಡಿಸುವ ಆಟ. ಬಸ್ಸಿಗೆ ನಮ್ಮ ಕಡೆಯ ಬಸ್ಸುಗಳದೇ ಬಣ್ಣ, ಮುಂದೆ ಗಾಜಿಗೆ ಹೂವಿನ ಹಾರ, ಕೆಳಗೆ ಕಪ್ಪು ಜಡೆಯಂತೆ ತೂಗುವ ಕುಚ್ಚು.

"ಈ ಹುಡುಗಂಗೆ ತಿರುವಲ್ಲಿ ಬಸ್ ಹಿಡಿಯಕ್ಕೇ ಬರಲ್ಲ," ಎಂದ ಅಣ್ಣ. ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗದೆ, "ಇದು ನಮ್ಮ ಕಂಪ್ಯೂಟರಲ್ಲಿ ಬರುತ್ತಾ?" ಎಂದ.

ಬಂತು. ಭಾಯಿ ಫೋನಿನಲ್ಲಿ ಹೇಳುತ್ತಾ ಹೋದರು, ನಾನು ಹಾಕಿದೆ. ಕತ್ತು ಎಡಕ್ಕೆ ತಿರುಗಿಸಿದರೆ ಸ್ಟೇರಿಂಗ್ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಬಾಯಿ ತೆರೆದರೆ ಆಕ್ಸಿಲರೇಟರ್. ತುಟಿ ಮುಂದಕ್ಕೆ ಚಾಚಿದರೆ ಬ್ರೇಕ್. ಹುಬ್ಬು ಎತ್ತಿದರೆ ಹಾರ್ನ್. ಗೇರು ಬಸ್ಸೇ ಹಾಕಿಕೊಳ್ಳುತ್ತಿತ್ತು, ಅದೊಂದು ಅವನಿಗೆ ಬೇಸರ. ಎಲ್ಲ ಹೊಂದಿಸಿ ಮುಗಿಸುವಷ್ಟರಲ್ಲಿ ಅತ್ತಿಗೆ ಹೊಲಿಗೆ ಮೆಷಿನ್ ಬಿಟ್ಟು ಎದ್ದು ಬಂದು ಅವನ ಗಾಲಿಕುರ್ಚಿಯ ಹಿಂದೆ ನಿಂತಿದ್ದರು.

"ಬಾಯಿ ತಕ್ಕೊಂಡು ಬಸ್ ಓಡ್ಸೋದಾ! ನೊಣ ಹೋಗುತ್ತೆ ರೀ."

"ಸುಮ್ನಿರು ಮಾರಾಯ್ತಿ."

ಬಸ್ಸು ಹೊರಟಿತು. ಸ್ಟ್ಯಾಂಡಿನಿಂದ ಹೊರಗೆ ಬರುವಷ್ಟರಲ್ಲೇ ಅದು ಗೋಡೆಗೆ ಉಜ್ಜಿತು. ಅಣ್ಣ ಕತ್ತು ತಿರುಗಿಸಿದರೆ ಸ್ಟೇರಿಂಗ್ ತಿರುಗುತ್ತಿರಲಿಲ್ಲ. ತಿರುಗಲಿಲ್ಲವೆಂದು ಇನ್ನಷ್ಟು ತಿರುಗಿಸಿದರೆ ಒಮ್ಮೆಲೇ ಪೂರ್ತಿ ತಿರುಗಿಬಿಡುತ್ತಿತ್ತು. ಬ್ರೇಕಿಗೆಂದು ತುಟಿ ಚಾಚಿದರೆ ಬಸ್ಸು ಇನ್ನೂ ಓಡುತ್ತಲೇ ಇತ್ತು. ಎದುರಿಗೆ ಬಂದ ಲಾರಿಯನ್ನು ತಪ್ಪಿಸಲು ಹೋಗಿ ಬಸ್ಸು ರಸ್ತೆ ಬಿಟ್ಟು ಇಳಿದು, ಗುಂಡಿಯಲ್ಲಿ ಓರೆಯಾಗಿ ನಿಂತಿತು. ಒಳಗಿನ ಬೊಂಬೆ ಜನ ಕಿರುಚಿದರು. ಆಟದಲ್ಲಿ ಅದಕ್ಕೂ ಒಂದು ಶಬ್ದ ಇಟ್ಟಿದ್ದಾರೆ.

ಮತ್ತೆ ಶುರುಮಾಡಿದೆವು. ಮತ್ತೆ ಹಾಗೇ. ಅಣ್ಣನ ಹಣೆಯಲ್ಲಿ ಬೆವರಿನ ಹನಿ ಮೂಡಿತು, ಅತ್ತಿಗೆ ಸೆರಗಿನಲ್ಲಿ ಒರೆಸಿದರು. ಕೊನೆಗೆ ಅವನು ಕಣ್ಣು ಮುಚ್ಚಿಕೊಂಡು, "ಸಾಕು, ಬಂದ್ ಮಾಡು," ಎಂದ.

ಮುಂದಿನ ಭಾನುವಾರ ಕಂಪ್ಯೂಟರಿನ ಮೇಲೆ ಅತ್ತಿಗೆಯ ಹಳೆಯ ದುಪಟ್ಟಾ ಹೊದಿಸಿತ್ತು. ಅಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಅಡುಗೆಮನೆಯಲ್ಲಿ ಅತ್ತಿಗೆ ದನಿ ತಗ್ಗಿಸಿ ಹೇಳಿದರು.

"ಪೇಪರೂ ನೋಡ್ತಿಲ್ಲಮ್ಮಾ. ನನ್ ಹತ್ರ ಏನಂದ್ರು ಗೊತ್ತಾ? ಕತ್ತೂ ಹೋಗ್ತಾ ಇದೆ ಕಣೇ ಅಂದ್ರು. ನಾನು ಹೇಳ್ದಂಗೆ ಕೇಳ್ತಿಲ್ಲ, ಲೇಟಾಗಿ ಕೇಳುತ್ತೆ, ಆಸ್ಪತ್ರೇಲಿ ಕೈಯೂ ಮೊದ್ಲು ಹಿಂಗೇ ಲೇಟಾಗಿ ಕೇಳಿ ಆಮೇಲೆ ನಿಂತೋಯ್ತು ಅಂದ್ರು."

ನಾನು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟೆ. ಆಟ ಸರಿಯಾಗಿ ಬರಲಿಲ್ಲವೆಂದು ಅವನಿಗೆ ಬೇಸರವಾಗಿದೆ ಎಂದಷ್ಟೇ ತಿಳಿದಿದ್ದೆ. ಉಳಿದಿದ್ದ ಕತ್ತೂ ಕೈಬಿಡುತ್ತಿದೆ ಎಂದು ಅವನು ಒಳಗೊಳಗೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದ. ಅದನ್ನು ನನಗೆ ಹೇಳಿರಲಿಲ್ಲ, ಡಾಕ್ಟರಿಗೆ ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆಯೋ ಏನೋ.

ಒಳಗೆ ಹೋಗಿ ದುಪಟ್ಟಾ ತೆಗೆದೆ. "ಒಂದೇ ಸಲ ಅಣ್ಣ. ನೀನು ಓಡಿಸ್ಬೇಡ. ಸುಮ್ನೆ ಕತ್ತು ತಿರುಗಿಸು, ನಾನು ನೋಡ್ಬೇಕು."

"ನೋಡಿ ಏನ್ ಮಾಡ್ತೀಯ?"

"ನೋಡ್ತೀನಿ ಅಷ್ಟೇ."

ಅತ್ತಿಗೆಯೂ ನಾನೂ ಸೇರಿ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದೆವು. ಆಟ ಶುರುಮಾಡುವ ಮೊದಲು ಕತ್ತು ತಿರುಗಿಸಲು ಹೇಳಿದೆ. ಮೂಲೆಯ ಪುಟ್ಟ ಚಿತ್ರದಲ್ಲಿ ಚುಕ್ಕೆ ಅವನ ಜೊತೆಜೊತೆಗೇ ಹೋಯಿತು, ಒಂದಿಷ್ಟೂ ಹಿಂದೆ ಬೀಳಲಿಲ್ಲ. ಆಮೇಲೆ ಆಟ ತೆರೆದೆ. ಬಸ್ಸು, ಸ್ಟ್ಯಾಂಡು, ಜನ ಎಲ್ಲ ಬಂದರು. "ಈಗ ತಿರುಗಿಸು," ಎಂದೆ. ನನ್ನ ಕಣ್ಣು ಬಸ್ಸಿನ ಮೇಲಿರಲಿಲ್ಲ, ಮೂಲೆಯ ಚಿತ್ರದ ಮೇಲಿತ್ತು.

ಚಿತ್ರದಲ್ಲಿ ಅಣ್ಣ ಇನ್ನೂ ಎಡಕ್ಕೇ ನೋಡುತ್ತಿದ್ದ. ಕುರ್ಚಿಯಲ್ಲಿ ಕೂತ ಅಣ್ಣ ಆಗಲೇ ಬಲಕ್ಕೆ ತಿರುಗಿ ಆಗಿತ್ತು. ಚಿತ್ರದಲ್ಲಿ ಅವನ ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಕುರ್ಚಿಯಲ್ಲಿದ್ದವನು ಎಷ್ಟೋ ಸಲ ರೆಪ್ಪೆ ಬಡಿದಿದ್ದ. ಆಮೇಲೆ ಚಿತ್ರ ಒಮ್ಮೆ ಜಿಗಿದು ಬಲಕ್ಕೆ ಬಂತು, ಅದರ ಜೊತೆಗೆ ಸ್ಟೇರಿಂಗೂ ಗಿರ್ರನೆ ತಿರುಗಿತು.

"ಅಣ್ಣ," ಎಂದೆ. "ನಿನ್ನ ಕತ್ತಲ್ಲ ಕಣೋ. ಆಟ ಬಂದ ತಕ್ಷಣ ಇದು ನಿನ್ನನ್ನ ನೋಡೋದು ಬಿಡ್ತಾ ಇದೆ."

ಅವನು ನಂಬಲಿಲ್ಲ. ಅವನಿಗೇ ತೋರಿಸಿದೆ. ಆಟವನ್ನು ಕೆಳಗಿಳಿಸಿದರೆ ಚಿತ್ರದ ಅಣ್ಣ ಕುರ್ಚಿಯ ಅಣ್ಣನ ಜೊತೆಗೇ ಇದ್ದ. ಆಟ ಮುಂದೆ ಬಂದರೆ ಹಿಂದೆ ಬಿದ್ದ. ಅವನು ಅದನ್ನು ಮತ್ತೆ ಮತ್ತೆ ಮಾಡಿಸಿ ನೋಡಿದ. ಅವತ್ತು ಮಧ್ಯಾಹ್ನ ಊಟಕ್ಕೆ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡ ಎಂದು ಅತ್ತಿಗೆ ಸಂಜೆ ಫೋನಿನಲ್ಲಿ ಹೇಳಿದರು.

ಭಾಯಿಗೆ ಎಲ್ಲ ವಿವರಿಸಿದೆ. ಆಟದ ಚಿತ್ರವನ್ನು ಸ್ವಲ್ಪ ಒರಟು ಮಾಡಿ, ಕಂಪ್ಯೂಟರಿನ ಮೇಲೆ ಭಾರ ಕಡಿಮೆಯಾಗುತ್ತದೆ ಎಂದರು. ಅತ್ತಿಗೆಗೆ ಹೇಳಿ ಹಾಗೆ ಮಾಡಿಸಿದೆ. ಮರದ ಎಲೆಗಳು ಮಾಯವಾಗಿ ಮರಗಳು ಹಸಿರು ಮುದ್ದೆಗಳಾದವು, ಮುಖ ಮಾತ್ರ ಹಿಂದೆಯೇ ಉಳಿಯಿತು. ಕ್ಯಾಮರಾ ಬದಲಿಸಿ ನೋಡೋಣ ಎಂದರು, ಅಂಗಡಿಯಿಂದ ಒಂದನ್ನು ಕಳಿಸಿಕೊಟ್ಟರು. ಅದರಲ್ಲೂ ಹಾಗೇ.

ಆ ವಾರ ಕ್ಲಿನಿಕ್ಕಿನಲ್ಲಿ ರೋಗಿಗಳು ಕಡಿಮೆ ಇದ್ದ ಮಧ್ಯಾಹ್ನಗಳಲ್ಲಿ ನಾನು ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ಹೇಗೆ ಕೇಳಬೇಕೆಂದೇ ಮೊದಲು ತಿಳಿಯಲಿಲ್ಲ. ಮುಖದಿಂದ ಆಟ ಆಡುವವರ ಬಗ್ಗೆ ಏನೂ ಸಿಗಲಿಲ್ಲ. ಯಾವುದೋ ಊರಿನ ಯಾರೋ ಹುಡುಗ ಕೇಳಿದ್ದು ಸಿಕ್ಕಿತು. ಅವನು ಆಟ ಆಡುತ್ತಾ ತನ್ನ ಮುಖವನ್ನು ಕ್ಯಾಮರಾದಲ್ಲಿ ಜನಕ್ಕೆ ತೋರಿಸುವವನು. ಆಟ ಚೆನ್ನಾಗಿ ಓಡುತ್ತದೆ, ಆದರೆ ನನ್ನ ಮುಖ ನಿಂತು ನಿಂತು ಬರುತ್ತದೆ, ಯಾಕೆ ಎಂದು ಕೇಳಿದ್ದ. ಕೆಳಗೆ ಇನ್ನೊಬ್ಬರು ಒಂದೇ ಸಾಲು ಬರೆದಿದ್ದರು: ಗೇಮ್ ಮೋಡ್ ಆಫ್ ಮಾಡಿ ನೋಡು.

ಓದುತ್ತಾ ಹೋದೆ. ಕಂಪ್ಯೂಟರನ್ನು ಒಟ್ಟಾರೆ ನಡೆಸುವ ವ್ಯವಸ್ಥೆಯೊಳಗೇ ಅದು ಸೇರಿರುತ್ತದಂತೆ, ನಾವು ಹಾಕಬೇಕಾಗಿಲ್ಲ, ತಾನೇ ಆನ್ ಆಗಿರುತ್ತದಂತೆ. ಆಟ ಶುರುವಾಯಿತೆಂದು ಗೊತ್ತಾದ ಕೂಡಲೇ ಕಂಪ್ಯೂಟರ್ ತನ್ನ ಶಕ್ತಿಯನ್ನು ಆಟದ ಕಡೆಗೆ ತಿರುಗಿಸಿ, ಹಿಂದೆ ನಡೆಯುತ್ತಿರುವ ಉಳಿದ ಕೆಲಸಗಳನ್ನು ತಡೆದು ನಿಲ್ಲಿಸುತ್ತದಂತೆ. ಆಟ ಆಡುವವರಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು. ಆಡುವವನ ಕೈ ಕೀಬೋರ್ಡಿನ ಮೇಲಿರುತ್ತದೆ ಎಂದು ಮಾಡಿದವರು ಅಂದುಕೊಂಡಿರಬೇಕು. ತಡೆದು ನಿಲ್ಲಿಸಿದ ಕೆಲಸಗಳಲ್ಲಿ ಒಂದು, ಭದ್ರಾವತಿಯ ಒಂದು ಮನೆಯಲ್ಲಿ ಒಬ್ಬ ಮನುಷ್ಯನ ಮುಖ ನೋಡುತ್ತಿರುವುದು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಎದುರಿಗೆ ಬಂದು ನಿಂತಿದ್ದ ಪೇಷೆಂಟೊಬ್ಬರು ಮೇಜು ಕುಟ್ಟಿ ಕರೆಯಬೇಕಾಯಿತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿನಲ್ಲೇ ಹೊರಟೆ. ಅತ್ತಿಗೆ ಇಡ್ಲಿಗೆ ಇಟ್ಟಿದ್ದರು. ಅಣ್ಣನಿಗೆ ಹೇಳಿರಲಿಲ್ಲ, ಆಸೆ ಹುಟ್ಟಿಸಿ ಆಗದಿದ್ದರೆ ಎಂಬ ಭಯ. ಕಂಪ್ಯೂಟರಿನ ಮುಂದೆ ಕೂತು ಸೆಟ್ಟಿಂಗ್ಸ್ ತೆರೆದೆ. ಪಕ್ಕದ ಸಾಲಿನಲ್ಲಿ ಗೇಮಿಂಗ್ ಎಂದಿತ್ತು, ಒತ್ತಿದೆ. ಅದರೊಳಗೆ ಗೇಮ್ ಮೋಡ್. ಅದನ್ನೂ ಒತ್ತಿದೆ. ಬಲಗಡೆ ಒಂದು ಪುಟ್ಟ ಗುಂಡಿ, ನೀಲಿ ಬಣ್ಣದಲ್ಲಿ ಆನ್ ಆಗಿ ಕೂತಿತ್ತು. ಇಷ್ಟು ದಿನವೂ ಅದು ಅಲ್ಲೇ ಇತ್ತು. ಒತ್ತಿದೆ. ಗುಂಡಿ ಎಡಕ್ಕೆ ಸರಿದು ನೀಲಿ ಹೋಯಿತು. ಅದಕ್ಕೆ ಶಬ್ದವೂ ಇರಲಿಲ್ಲ.

ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಾಕಿದೆ. ಅಣ್ಣನನ್ನು ಕೂರಿಸಿದೆವು.

"ಏನ್ ಮಾಡ್ದೆ ಈಗ?"

"ಒಂದು ಸ್ವಿಚ್ ಆರಿಸ್ದೆ. ಬಸ್ ತೆಗಿ."

ಅವನು ತಕ್ಷಣ ತೆಗೆಯಲಿಲ್ಲ. ಮೊದಲು ಮೂಲೆಯ ಚಿತ್ರ ನೋಡಿದ. ಕತ್ತು ಎಡಕ್ಕೆ ಒಂದಿಷ್ಟೇ ಇಷ್ಟು ತಿರುಗಿಸಿದ. ಆಟದ ಸ್ಟೇರಿಂಗ್ ಒಂದಿಷ್ಟೇ ಇಷ್ಟು ತಿರುಗಿತು. ಬಲಕ್ಕೆ ತಿರುಗಿಸಿದ, ಸ್ಟೇರಿಂಗ್ ಬಲಕ್ಕೆ ಬಂತು. ನಿಲ್ಲಿಸಿದ, ನಿಂತಿತು. ನಿಂತ ಬಸ್ಸಿನಲ್ಲಿ ಅವನು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಕೂತ. ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡರು. ಅವರ ಬೆರಳುಗಳಲ್ಲಿ ಇಡ್ಲಿ ಹಿಟ್ಟು ಹತ್ತಿತ್ತು.

ಅಣ್ಣ ಬಾಯಿ ತೆರೆದ.

ಪೂರ್ತಿ ತೆರೆಯಲಿಲ್ಲ. ಅಷ್ಟಷ್ಟೇ ತೆರೆದು ಮುಚ್ಚಿ, ತೆರೆದು ಮುಚ್ಚಿ, ನೀರಿನಲ್ಲಿ ಮೀನು ಮಾಡುವ ಹಾಗೆ. ಬಸ್ಸು ಜಗ್ಗದೆ, ಎಳೆಯದೆ, ನೆಲ ಬಿಟ್ಟು ತೇಲಿದಂತೆ ಹೊರಟಿತು. ಗೋಡೆಯ ಪಕ್ಕದಲ್ಲಿ ನುಣ್ಣಗೆ ಸರಿದು ಸ್ಟ್ಯಾಂಡಿನ ಬಾಗಿಲಿಗೆ ಬಂದು ನಿಂತಿತು. ರಸ್ತೆಯಲ್ಲಿ ಒಂದು ಆಟೋ, ಎರಡು ಬೈಕು ಹೋಗುವವರೆಗೆ ಕಾದು, ಎಡಕ್ಕೆ ತಿರುಗಬೇಕಾದವನು ಮೊದಲು ಬಲಕ್ಕೆ ಅಗಲವಾಗಿ ಹೋಗಿ ಆಮೇಲೆ ಎಡಕ್ಕೆ ಎಳೆದ. ಮೂಲೆಯಲ್ಲಿದ್ದ ಕರೆಂಟ್ ಕಂಬಕ್ಕೆ ಬಸ್ಸಿನ ಹಿಂಭಾಗ ತಾಗದೆ ಪಾರಾಯಿತು. ಆ ಹಿಂಭಾಗ ಪರದೆಯ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ. ಎದೆಯಿಂದ ಕೆಳಗೆ ತನ್ನ ಮೈಯೇ ತಿಳಿಯದ ನನ್ನ ಅಣ್ಣನಿಗೆ, ಕಣ್ಣಿಗೆ ಕಾಣದ ಒಂದು ಬಸ್ಸಿನ ಹಿಂದಿನ ಚಕ್ರ ಎಲ್ಲಿದೆಯೆಂದು ತಿಳಿಯುತ್ತಿತ್ತು.

ನಾನು ಅವನ ಬಸ್ಸಿನಲ್ಲಿ ಎಷ್ಟೋ ಸಲ ಕೂತಿದ್ದೇನೆ. ಕಿಟಕಿಯಾಚೆ ನೋಡುತ್ತಾ, ಕಡಲೆಕಾಯಿ ತಿನ್ನುತ್ತಾ, ನಿದ್ದೆ ಮಾಡುತ್ತಾ. ಅವನು ಬಸ್ ಓಡಿಸುವುದನ್ನು ನೋಡಿದ್ದು ಅದೇ ಮೊದಲು. ಅಷ್ಟು ದೊಡ್ಡ ವಸ್ತುವನ್ನು ಒಬ್ಬ ಮನುಷ್ಯ ಇಷ್ಟು ಸೂಕ್ಷ್ಮವಾಗಿ ನಡೆಸುತ್ತಾನೆ, ಅದರೊಳಗೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗದಂತೆ ಮಾಡುವುದೇ ಅವನ ಕೆಲಸವಾಗಿತ್ತು. ಎದುರಿಗೆ ಲಾರಿ ಬಂತು. ಅವನು ಮೂಗಿನ ತುದಿಯನ್ನು ಒಂದು ಕೂದಲೆಳೆ ಎಡಕ್ಕೆ ಸರಿಸಿದ. ಲಾರಿ ಹೋಯಿತು. ಅವನು ಉಸಿರೂ ಬದಲಿಸಲಿಲ್ಲ. ಉಸಿರು ಹಿಡಿದುಕೊಂಡಿದ್ದವಳು ನಾನು.

ಮುಂದೆ ಒಂದು ನಿಲ್ದಾಣ ಬಂತು. ತುಟಿ ಚಾಚಿದ, ಬಿಟ್ಟ, ಮತ್ತೆ ಚಾಚಿದ. ಬಸ್ಸು ಯಾವಾಗ ನಿಂತಿತೆಂದು ತಿಳಿಯಲೇ ಇಲ್ಲ. ಅತ್ತಿಗೆ ಅಷ್ಟು ಹೊತ್ತೂ ನಿಂತೇ ಇದ್ದರು, ತಿರುವು ಬಂದಾಗಲೆಲ್ಲ ಆ ಕಡೆಗೆ ಒಂದಿಷ್ಟು ವಾಲುತ್ತಾ, ಕುರ್ಚಿಯ ಬೆನ್ನನ್ನು ಬಸ್ಸಿನ ಕಂಬಿಯಂತೆ ಹಿಡಿದುಕೊಂಡು.

"ನಿಮ್ ಬ್ರೇಕೇ ರೀ ಇದು," ಎಂದರು. "ಮಾಚೇನಳ್ಳೀಲಿ ನಿಲ್ಲಿಸ್ತಿದ್ರಲ್ಲ, ಅದೇ. ಬೇರೆ ಬಸ್ಸಲ್ಲಿ ನಾವು ಒಬ್ರ ಮೇಲೊಬ್ರು ಬೀಳ್ತಿದ್ವಿ. ನಿಮ್ ಬಸ್ಸಲ್ಲಿ ಬೀಳ್ತಿರ್ಲಿಲ್ಲ."

"ಅದಕ್ಕೇನಾ ನನ್ ಬಸ್ಸಿಗೇ ಕಾಯ್ತಿದ್ದೆ?" ಎಂದ ಅಣ್ಣ, ಬಸ್ಸು ಹೊರಡದಂತೆ ಹಲ್ಲು ಕಚ್ಚಿಕೊಂಡೇ.

"ಮತ್ತೇನು, ನಿಮ್ ಮುಖ ನೋಡಕ್ಕಾ?"

ಅಣ್ಣ ನಗಲು ಹೋದ. ನಕ್ಕರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಬಸ್ಸು ಹೊರಡುತ್ತದೆ. ಜನ ಇನ್ನೂ ಹತ್ತುತ್ತಿದ್ದರು. ಅವನು ತುಟಿ ಬಿಗಿದು ನಗು ತಡೆದುಕೊಂಡ. ತಡೆದದ್ದು ಕಣ್ಣಿನಲ್ಲಿ ನೀರಾಗಿ ಹರಿದು ಎರಡೂ ಕೆನ್ನೆಯ ಮೇಲೆ ಇಳಿಯಿತು. ನಗುವಿನದೇ ನೀರೋ, ಬೇರೆಯದೋ, ನಾವು ಕೇಳಲಿಲ್ಲ. ಅತ್ತಿಗೆ ಒರೆಸಿದರು. ಒಲೆಯ ಮೇಲೆ ಇಡ್ಲಿ ಪಾತ್ರೆಯ ನೀರು ಬತ್ತಿ ಸೀದ ವಾಸನೆ ಬರತೊಡಗಿತ್ತು.

ಭಾಯಿಗೆ ಫೋನ್ ಮಾಡಿದೆ. "ಕ್ಯಾ ಬಾತ್ ಹೈ ಅಕ್ಕಾ! ಎಷ್ಟೋ ಹುಡುಗ್ರಿಗೆ ನಾನೇ ಅದನ್ನ ಆನ್ ಮಾಡಿ ಕೊಟ್ಟಿದೀನಿ. ಆಫ್ ಮಾಡಿ ಖುಷಿಪಟ್ಟಿದ್ದು ಇದೇ ಫಸ್ಟ್ ಕೇಳ್ತಿರೋದು." ಎಲ್ಲ ಕಂಪ್ಯೂಟರಿನಲ್ಲೂ ಹೀಗೆ ಆಗುವುದಿಲ್ಲವಂತೆ. ಎಷ್ಟೋ ಕಡೆ ಅದು ಆನ್ ಇದ್ದರೂ ಆಫ್ ಇದ್ದರೂ ಏನೂ ವ್ಯತ್ಯಾಸ ಕಾಣುವುದಿಲ್ಲವಂತೆ. ನಮ್ಮಲ್ಲಿ ಯಾಕೆ ಹೀಗಾಯಿತೆಂದು ಅವರಿಗೂ ಪೂರ್ತಿ ತಿಳಿಯಲಿಲ್ಲ. ನನಗಂತೂ ತಿಳಿಯುವುದೇ ಇಲ್ಲ.

ಆಮೇಲೆ ಫಿಸಿಯೋಥೆರಪಿ ಮೇಡಂ ಒಮ್ಮೆ ಭದ್ರಾವತಿಗೆ ಬಂದು ಅಣ್ಣನ ಕತ್ತು ಪರೀಕ್ಷೆ ಮಾಡಿದರು. ಕತ್ತಿಗೆ ಏನೂ ಆಗಿಲ್ಲ, ಸ್ನಾಯುಗಳು ಮೊದಲಿಗಿಂತ ಚುರುಕಾಗಿವೆ, ಆದರೆ ನಡುನಡುವೆ ಬಿಡುವು ಕೊಡಲೇಬೇಕು ಎಂದರು. ಅಣ್ಣ ಆ ಮಾತಿನ ಮೊದಲರ್ಧ ಮಾತ್ರ ಕೇಳಿಸಿಕೊಂಡ. ಕತ್ತು ನೋಯುವವರೆಗೂ ಓಡಿಸಿ ಮಾರನೆಯ ದಿನ ಮಲಗಿದಲ್ಲೇ ನರಳಿದ್ದೂ ಉಂಟು. ಅತ್ತಿಗೆ ಕಂಪ್ಯೂಟರಿನ ವೈರ್ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದೂ ಉಂಟು. ಅವನ ಕೈ ಬರಲಿಲ್ಲ, ಕಾಲು ಬರಲಿಲ್ಲ. ಬಂದದ್ದು ಬೆಳಿಗ್ಗೆ ಎದ್ದೊಡನೆ ಮುಖ ತೊಳಿ, ಗಡ್ಡ ತೆಗಿ ಎಂದು ಅವನೇ ಅವಸರ ಮಾಡುವುದು. ಗಡ್ಡ ಬೆಳೆದಿದ್ದರೆ ಕ್ಯಾಮರಾಗೆ ಬಾಯಿ ಸರಿಯಾಗಿ ಕಾಣುವುದಿಲ್ಲ ಎಂದು ಅವನ ವಾದ.

ಅವನ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಕಂಡಕ್ಟರ್ ಆಗಿದ್ದವರೊಬ್ಬರು ಇದ್ದರು. ಅಣ್ಣ ಬಿದ್ದ ಮೇಲೆ ಆಸ್ಪತ್ರೆಗೆ ಬಂದು ಹೋದವರು ಮನೆ ಕಡೆ ಬಂದಿರಲಿಲ್ಲ. ನೋಡಲಾಗುವುದಿಲ್ಲ ಎಂದು ಯಾರ ಹತ್ತಿರವೋ ಅತ್ತಿದ್ದರಂತೆ. ಅತ್ತಿಗೆಯೇ ಫೋನ್ ಮಾಡಿ ಕರೆದರು. ಒಂದು ಭಾನುವಾರ ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತು, ಕಾಯಿಲೆಯವರ ಹತ್ತಿರ ಮಾತಾಡುವಂತೆ ದನಿ ಎತ್ತರಿಸಿ, ಒಂದೊಂದೇ ಮಾತು ಬಿಡಿಸಿ, "ಹೆಂಗಿದೀಯ ಗುರುವೇ? ಊಟ, ನಿದ್ದೆ, ಎಲ್ಲ ಆಗ್ತಾ ಇದೆಯಾ?" ಎಂದು ಕೇಳಿದರು.

ಅಣ್ಣ ಅವರ ಕಡೆ ನೋಡಿ ಹುಬ್ಬು ಎತ್ತಿದ.

ಕಂಪ್ಯೂಟರಿನಿಂದ ಬಸ್ಸಿನ ಏರ್ ಹಾರ್ನ್ ಮನೆ ಅದುರುವ ಹಾಗೆ ಕೂಗಿತು. ಕಿತ್ತಳೆಯ ಚೀಲ ನೆಲದ ಮೇಲಿತ್ತು, ಹಣ್ಣುಗಳು ಮೆಷಿನ್ನಿನ ಅಡಿಯವರೆಗೂ ಉರುಳಿದ್ದವು.

"ಬಂದವನು ನಿಂತ್ಕೊಂಡೇ ಇರ್ತೀಯಾ, ಹತ್ತೀಯಾ?" ಎಂದ ಅಣ್ಣ.

ಅವರು ಬಂದು ಸ್ಟೂಲ್ ಎಳೆದು ಅಣ್ಣನ ಪಕ್ಕ ಕೂತರು. ಮೊದಲು ಪರದೆ ನೋಡಿದರು, ಆಮೇಲೆ ಅಣ್ಣನ ಮುಖ, ಮತ್ತೆ ಪರದೆ. ಬಸ್ಸು ಒಂದು ಸಂತೆಬೀದಿಯ ನಡುವೆ ನುಸುಳಿಕೊಂಡು ಹೊರಬಂತು. ಅವರ ಬಾಯಿ ತೆರೆದೇ ಇತ್ತು. ಇಬ್ಬರೂ ಬಾಯಿ ತೆರೆದುಕೊಂಡು ಕೂತಿದ್ದರು, ಒಬ್ಬ ಬಸ್ ಓಡಿಸಲಿಕ್ಕೆ, ಇನ್ನೊಬ್ಬ ಅದನ್ನು ನೋಡಿ. ನಿಲ್ದಾಣದಲ್ಲಿ ಬಸ್ಸು ನಿಂತಿತು. ಆಟದ ಜನ ಇಳಿದು ಹತ್ತಿದರು. ಬಾಗಿಲು ಮುಚ್ಚಿತು. ಅಣ್ಣ ಹೊರಡಲಿಲ್ಲ. ನನಗೆ ಯಾಕೆಂದು ತಿಳಿಯಲಿಲ್ಲ, ಕಂಪ್ಯೂಟರ್ ಮತ್ತೆ ಕೈಕೊಟ್ಟಿತೇನೋ ಎಂದು ಗಾಬರಿಯಾದೆ.

ಕಂಡಕ್ಟರಿಗೆ ತಿಳಿಯಿತು. ಅವರು ಗಂಟಲು ಸರಿಮಾಡಿಕೊಂಡು ಸ್ಟೂಲಿನ ಅಂಚಿಗೆ ಎರಡು ಸಲ ಬಡಿದರು.

"ರೈಟ್, ರೈಟ್!"

ಬಸ್ಸು ಹೊರಟಿತು.

ಅಲ್ಲಿಂದ ಅವರು ಪ್ರತಿ ಭಾನುವಾರ ಬರತೊಡಗಿದರು. ಆಟದ ಊರುಗಳ ಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ. ಯಾವ ನಿಲ್ದಾಣ ಬಂದರೂ, "ಮಾಚೇನಳ್ಳಿ, ಮಾಚೇನಳ್ಳಿ, ಯಾರ್ರೀ ಮಾಚೇನಳ್ಳಿ, ಮುಂದೆ ಬನ್ನಿ," ಎಂದೇ ಕೂಗುತ್ತಿದ್ದರು. ಅತ್ತಿಗೆ ಬ್ಲೌಸಿಗೆ ಹುಕ್ಕು ಹಾಕುತ್ತಾ ಒಳಗಿಂದಲೇ, "ಇಳಿಯೋರಿದಾರೆ!" ಎಂದು ಕೂಗುತ್ತಿದ್ದರು.

ಅಂಥದೊಂದು ಭಾನುವಾರ ಬಸ್ಸು ಘಟ್ಟದ ರಸ್ತೆಯಲ್ಲಿತ್ತು. ಆಟದಲ್ಲಿ ಮಳೆ ಶುರುವಾಯಿತು. ಮೊದಲು ಗಾಜಿನ ಮೇಲೆ ಒಂದೆರಡು ಹನಿ, ಆಮೇಲೆ ಧಾರಾಕಾರ. ಹೊರಗೆ ನಮ್ಮ ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ವೈಪರ್ ಎಷ್ಟು ಬಡಿದುಕೊಂಡರೂ ಮುಂದಿನ ತಿರುವು ಕಾಣಲಿಲ್ಲ. ಅಣ್ಣ ಬಸ್ಸನ್ನು ರಸ್ತೆಯ ಅಂಚಿಗೆ ತಂದು, ನನ್ನಿಂದ ಲೈಟ್ ಹಾಕಿಸಿ ನಿಲ್ಲಿಸಿದ. ಆಟ ಅದನ್ನು ಒಪ್ಪಲಿಲ್ಲ. ತಡವಾಗುತ್ತಿದೆ ಎಂದು ಪರದೆಯ ಮೇಲೆ ಕೆಂಪು ಅಕ್ಷರಗಳು ಮಿನುಗಿದವು, ಪಾಯಿಂಟುಗಳು ಇಳಿಯುತ್ತಾ ಹೋದವು.

"ಹೋಗಲ್ವಾ ಅಣ್ಣ?" ಎಂದೆ. "ಆಟ ತಾನೇ, ಬಿದ್ರೂ ಏನಾಗಲ್ಲ."

"ಹಿಂದೆ ಜನ ಇದಾರೆ," ಎಂದ ಅವನು. "ಕಾಣದೇ ಇರೋ ರಸ್ತೇಲಿ ನಾನು ಓಡ್ಸಲ್ಲ."

ಕಂಡಕ್ಟರ್ ತಲೆಯಾಡಿಸಿದರು. ಅತ್ತಿಗೆ ಸೂಜಿ ದಾರ ಬದಿಗಿಟ್ಟು ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. ಎಲ್ಲೂ ಇಲ್ಲದ ಘಟ್ಟದ ಮೇಲೆ, ಎಲ್ಲೂ ಸುರಿಯದ ಮಳೆ ನಿಲ್ಲಲೆಂದು, ನಾವು ನಾಲ್ಕೂ ಜನ ಕಾದೆವು. ವೈಪರ್ ಅತ್ತ ಹೋಗುತ್ತಿತ್ತು, ಇತ್ತ ಬರುತ್ತಿತ್ತು. ನಾನು ಅಣ್ಣನ ಮುಖ ನೋಡಿದೆ. ಅವನು ಆಟದ ಬಸ್ಸಿನ ಕನ್ನಡಿಯಲ್ಲಿ ಆ ಬೊಂಬೆ ಜನರ ಕಡೆಗೊಮ್ಮೆ ಕಣ್ಣು ಹಾಯಿಸಿ, ಮತ್ತೆ ರಸ್ತೆ ನೋಡಿದ. ಅವನಲ್ಲಿ ಯಾವ ಅವಸರವೂ ಇರಲಿಲ್ಲ.

ಮಳೆ ತೆಳುವಾಗುತ್ತಾ ಬಂತು. ತಿರುವು ಕಂಡಿತು, ಅದರಾಚೆ ಒದ್ದೆಯಾಗಿ ಹೊಳೆಯುವ ರಸ್ತೆ ಕಂಡಿತು, ಇನ್ನೂ ಆಚೆ ಕಣಿವೆಯ ತುಂಬ ಬೆಳಕು. ಅಣ್ಣ ಮಳೆ ಪೂರ್ತಿ ನಿಲ್ಲುವವರೆಗೂ ಕಾದು, ಎರಡೂ ಕಡೆ ನೋಡಿ, ಬಾಯಿ ತೆರೆದ.